ನಲವತ್ತೊಂದನೆಯ ರಿಜಿಸ್ಟರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಭಾನುವಾರ ಸಂಜೆ ಫ್ಯೂಸ್ ಕಿತ್ತವನು ನಾನೇ. ನಾಲ್ಕು ವರ್ಷದಿಂದ ಎಲ್ಲರೂ ಕರೆಂಟಿನವರನ್ನು ಬೈದುಕೊಂಡು ಬಂದಿದ್ದಾರೆ. ಬೈಯಲಿ ಬಿಡಿ, ಅವರಿಗೆ ಅದು ರೂಢಿ. ಆದರೆ ಟಿವಿ ರಿಪೇರಿ ಮಾಡಿ ಹೊಟ್ಟೆ ಹೊರೆಯುವ ನಾನು, ಚೆನ್ನಾಗಿ ಓಡುತ್ತಿದ್ದ ಟಿವಿಯನ್ನು ಕೈಯಾರೆ ಯಾಕೆ ನಿಲ್ಲಿಸಿದೆ ಎಂದು ತಿಳಿಯಬೇಕಾದರೆ ನಮ್ಮ ಭಾವನ ವಿಚಾರ ಹೇಳಬೇಕು. ಹೇಳಹೊರಟರೆ ಈಗಲೂ ಮೈ ಉರಿಯುತ್ತದೆ. ಆದರೂ ಹೇಳುತ್ತೇನೆ.

ಭಾವ ನಗರಸಭೆ ಕಚೇರಿಯ ದಾಖಲೆ ಕೋಣೆಯಲ್ಲಿ ಗುಮಾಸ್ತರು. ಹರಿದ ಕಡತಕ್ಕೆ ಅಂಟು ಹಚ್ಚುವುದು, ಬೆನ್ನಿಗೆ ಬಟ್ಟೆಪಟ್ಟಿ ಮೆತ್ತುವುದು, ದಾರ ಕಟ್ಟಿ ಮೇಲೊಂದು ಚೀಟಿ ಅಂಟಿಸುವುದು ಅವರ ಕೆಲಸ. ಈ ಚೀಟಿಯ ಹುಚ್ಚು ಕಚೇರಿಯಲ್ಲೇ ಮುಗಿಯುವುದಿಲ್ಲ. ಅಕ್ಕನ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಕ್ಕೆ ‘ಸಕ್ಕರೆ’, ಉಪ್ಪಿನ ಡಬ್ಬಕ್ಕೆ ‘ಉಪ್ಪು’, ಖಾಲಿ ಡಬ್ಬಕ್ಕೆ ‘ಸದ್ಯ ಏನೂ ಇಲ್ಲ’ ಎಂದು ಚೀಟಿ ಇದೆ. ಇರಲಿ. ಅಂಟು ಹಚ್ಚಿದ ಕಡತ ಒಣಗುವ ತನಕ ಅದರ ಮೇಲೆ ಭಾರ ಇಡಬೇಕು. ಅದಕ್ಕೆ ಭಾವ ಇಟ್ಟುಕೊಂಡಿದ್ದುದು ಒಂಬೈನೂರು ಪುಟದ ಒಂದು ರಷ್ಯನ್ ಕಾದಂಬರಿ. ಯಾರೋ ಪುಣ್ಯಾತ್ಮರು ನಮ್ಮ ಭಾಷೆಗೆ ತಂದದ್ದು. ಗ್ರಂಥಾಲಯದವರು ಬೇಡವೆಂದು ಹೊರಗಿಟ್ಟ ರಾಶಿಯಲ್ಲಿ, ಒಂದೊಂದನ್ನೇ ಕೈಯಲ್ಲಿ ತೂಗಿ ನೋಡಿ ಭಾವ ಅದನ್ನು ಆರಿಸಿದ್ದರು. ಹನ್ನೊಂದು ವರ್ಷ ಅದು ನಿಯತ್ತಾಗಿ ಕಡತ ಒತ್ತಿತು.

ಹನ್ನೆರಡನೆಯ ವರ್ಷ ಹೊಸ ಅಧಿಕಾರಿಯಾಗಿ ಮೇಡಂ ಬಂದರು. ಮಾತು ಕಡಿಮೆ, ಓದು ಜಾಸ್ತಿ. ದಾಖಲೆ ಕೋಣೆ ನೋಡಲು ಬಂದವರು ಕಡತದ ಮೇಲಿದ್ದ ಪುಸ್ತಕ ಎತ್ತಿಕೊಂಡು ಮಗುವಿನ ತಲೆ ಸವರಿದ ಹಾಗೆ ಸವರಿದರಂತೆ.

“ನೀವು ಇದನ್ನ ಓದಿದ್ದೀರಾ?”

‘ಇಲ್ಲ ಮೇಡಂ, ಭಾರಕ್ಕೆ ಇಟ್ಟಿದ್ದೀನಿ’ ಅನ್ನಲು ಎಷ್ಟು ಹೊತ್ತು ಬೇಕು? ನಮ್ಮ ಭಾವ ಅಂದದ್ದು, “ಎರಡು ಸಲ ಮೇಡಂ.”

“ಎರಡು ಸಲ ಅಂತ ಯಾಕೆ ಹೇಳಿದ್ರಿ?” ಎಂದು ನಾನು ಆಮೇಲೆ ಕೇಳಿದೆ.

“ಒಂದು ಸಲ ಅಂದ್ರೆ ನಂಬಲ್ಲ ಅನ್ನಿಸ್ತು ಕಣಯ್ಯ.”

ಮೇಡಂ ನಂಬಿದರು. ನಂಬಿದ್ದೇ ತೊಂದರೆಯಾಯಿತು. ಆ ಕಚೇರಿಯಿಂದ ವರ್ಷಕ್ಕೊಬ್ಬರನ್ನು ಹೊಳೆಯಾಚೆಯ ಶಾಖೆಗೆ ಕಳಿಸುವ ಪದ್ಧತಿ. ಎರಡು ಬಸ್ಸು, ಒಂದು ದೋಣಿ ಹತ್ತಿ ಹೋಗಬೇಕು. ಹೋದವರು ಮೂರು ವರ್ಷ ಅಲ್ಲೇ. ಆ ವರ್ಷ ಉಳಿದಿದ್ದ ಹೆಸರು ಎರಡೇ, ಒಂದು ಭಾವನದು, ಇನ್ನೊಂದು ಬೋಳುತಲೆಯ ಹೆಡ್ ಕ್ಲರ್ಕರದು. ಅಕ್ಕನಿಗೆ ಇಲ್ಲಿ ಎರಡು ಹೊಲಿಗೆ ಯಂತ್ರ, ಎರಡು ಶಾಲೆಯ ಸಮವಸ್ತ್ರದ ಕೆಲಸ, ಹತ್ತು ವರ್ಷದಲ್ಲಿ ಕಟ್ಟಿಕೊಂಡ ಗಿರಾಕಿ. ಅವಳು ಬಿಟ್ಟು ಹೋಗುವ ಹಾಗಿಲ್ಲ. ಭಾವ ಒಬ್ಬರೇ ಹೋದರೆ ಹಾಲು ಒಲೆಯ ಮೇಲಿಟ್ಟು ಪಾತ್ರೆಗೆ ಚೀಟಿ ಬರೆಯುತ್ತಾ ಕೂತು ಮನೆ ಸುಟ್ಟುಕೊಳ್ಳುವುದು ಖಂಡಿತ. ಮೇಡಂ ಅಂದರಂತೆ, “ಓದೋರು ನನ್ನ ಕಣ್ಣೆದುರಿಗೇ ಇರಲಿ ಅಂತ ನನ್ನ ಆಸೆ. ನೋಡೋಣ. ಈ ಭಾನುವಾರದಿಂದ ಇದೇ ಕಾದಂಬರಿ ಟಿವಿಯಲ್ಲಿ ಬರುತ್ತೆ, ಎಂಟು ವಾರ. ಪುಸ್ತಕಕ್ಕೂ ಅದಕ್ಕೂ ಏನು ವ್ಯತ್ಯಾಸ ಅಂತ ಪ್ರತಿ ಸೋಮವಾರ ನೀವು ನನಗೆ ಹೇಳಬೇಕು.”

“ಅದಕ್ಕೇನಂತೆ, ಪುಸ್ತಕ ಓದಿಬಿಡಿ,” ಅಂದಳು ಅಕ್ಕ, ಯಂತ್ರದಿಂದ ತಲೆ ಎತ್ತದೆ.

ಭಾವ ಓದಲು ಕೂತರು. ಮೊದಲನೆಯ ಪುಟದಲ್ಲೇ ಏಳು ಜನ. ಒಬ್ಬೊಬ್ಬರಿಗೂ ಮೂರು ಮೂರು ಹೆಸರು. ಮನೆಯಲ್ಲಿ ಒಂದು, ಕಚೇರಿಯಲ್ಲಿ ಒಂದು, ಸಿಟ್ಟು ಬಂದಾಗ ಒಂದು. ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ಭಾವ ನಿದ್ದೆಹೋಗಿದ್ದರು. ಮಾರನೆಯ ದಿನ ಪುಸ್ತಕ ಮತ್ತೆ ಕಡತದ ಮೇಲೆ ಹೋಗಿ ಕೂತಿತು.

ಮೊದಲನೆಯ ಭಾನುವಾರ ಐದೂವರೆಗೆ ನನ್ನನ್ನು ಕರೆಸಿದರು. ಟಿವಿ ಹಾಕಿದರೆ ತೆರೆಯ ತುಂಬ ಬಿಳಿ ಚುಕ್ಕೆ. ನಾನು ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿದೆ. “ಇನ್ನೂ ಇದೆ,” ಎಂದು ಭಾವ ಕೆಳಗಿನಿಂದ ಕೂಗಿದರು. ಬಲಕ್ಕೆ ತಿರುಗಿಸಿದೆ. “ಜಾಸ್ತಿ ಆಯ್ತು.” ಎಡಕ್ಕೆ ತಿರುಗಿಸಿದೆ. “ಈಗ ಓರೆಯಾಗಿ ಬೀಳ್ತಿದೆ.” ಅರ್ಧ ಗಂಟೆ ಒದ್ದಾಡಿ, ಕೈ ತರಚಿಕೊಂಡು ಕೆಳಗಿಳಿದು ಬಂದು ನೋಡುತ್ತೇನೆ, ಅದು ಹಿಮ. ರಷ್ಯಾದಲ್ಲಿ ಹಿಮ ಬೀಳುತ್ತಿದೆ, ಮಧ್ಯದಲ್ಲಿ ಒಂದು ಕುದುರೆ ಗಾಡಿ ಬರುತ್ತಿದೆ. ನನ್ನ ಇಪ್ಪತ್ತು ವರ್ಷದ ಅನುಭವಕ್ಕೆ ಅಂಥ ಅವಮಾನ ಎಂದೂ ಆಗಿರಲಿಲ್ಲ.

ಮೇಲಿನ ಮನೆಯ ನಿವೃತ್ತ ಸ್ಟೇಷನ್ ಮಾಸ್ಟರ್ ಅಂದಿನಿಂದ ಪ್ರತಿ ವಾರ ಕೆಮ್ಮುತ್ತಾ ಇಳಿದು ಬಂದು ಮಂಚದ ಮೇಲೆ ಕೂರತೊಡಗಿದರು. “ಟ್ರೇನು ಯಾವಾಗ ಬರುತ್ತೆ?” ಎಂಬುದೊಂದೇ ಅವರ ಪ್ರಶ್ನೆ. ಎಂಟು ವಾರದಲ್ಲಿ ಒಂದೂ ಟ್ರೇನು ಬರಲಿಲ್ಲ.

ಸೋಮವಾರಗಳನ್ನು ಭಾವ ಒಂದೇ ಮಾತಿನಿಂದ ದಾಟುತ್ತಿದ್ದರು: “ಪುಸ್ತಕದಲ್ಲಿ ಇನ್ನೂ ಆಳವಾಗಿದೆ ಮೇಡಂ.” ಮೇಡಂ ಕಣ್ಣು ಮುಚ್ಚಿ ತಲೆದೂಗುತ್ತಿದ್ದರಂತೆ. ಒಮ್ಮೆ ಮಾತ್ರ, ಕೊನೇ ಮಾತು ಓದುವಾಗ ಕಣ್ಣಲ್ಲಿ ನೀರು ಬಂತು ಎಂದೂ ಸೇರಿಸಿಬಿಟ್ಟಿದ್ದರು. ಆದರೆ ಧಾರಾವಾಹಿಯ ಕಥೆಯನ್ನಾದರೂ ನೆನಪಿಡಬೇಕಲ್ಲ. ತೆರೆಯ ಮೇಲೆ ಮಾತು ನಮ್ಮದು, ತುಟಿ ಅವರದು, ಮೀಸೆ ಎಲ್ಲರಿಗೂ ಒಂದೇ. ಯಾರು ಯಾರೆಂದು ತಿಳಿಯದೆ ಭಾವ ತಮಗೆ ಗೊತ್ತಿದ್ದ ಒಂದೇ ವಿದ್ಯೆಗೆ ಕೈಹಾಕಿದರು. ಕಚೇರಿಯ ಕಂದು ರಟ್ಟು ಹಾಕಿ ಒಂದು ರಿಜಿಸ್ಟರು ಹೊಲಿದು, ‘ಜನರ ನಡತೆಯ ವಿವರ’ ಎಂದು ಚೀಟಿ ಅಂಟಿಸಿದರು. ಕ್ರಮಸಂಖ್ಯೆ, ವ್ಯಕ್ತಿ, ವಿವರ, ಸದ್ಯದ ಸ್ಥಿತಿ ಎಂದು ಗೆರೆ ಎಳೆದರು. ರಷ್ಯನ್ ಹೆಸರು ಬಾಯಲ್ಲಿ ನಿಲ್ಲದ್ದರಿಂದ, ಯಾರ ಮುಖ ಯಾರ ಹಾಗಿದೆಯೋ ಅವರ ಹೆಸರೇ ಬರೆದರು. ಸೈನ್ಯದ ಬೋಳುತಲೆಯ ಜನರಲ್‌ಗೆ ‘ಹೆಡ್ ಕ್ಲರ್ಕ್’. ಕೆಮ್ಮುವ ಮುದಿ ಜಮೀನ್ದಾರನಿಗೆ ‘ಸ್ಟೇಷನ್ ಮಾಸ್ಟರ್’. ರಾಜಧಾನಿಯಿಂದ ತುಪ್ಪುಳದ ಟೋಪಿ ಹಾಕಿಕೊಂಡು ಬಂದು ಊರಿನ ಗಂಡಸರ ತಲೆ ಕೆಡಿಸಿದ ಹೆಂಗಸಿಗೆ, ಹೇಳಿಯೇಬಿಡುತ್ತೇನೆ, ‘ಮೇಡಂ’.

“ಭಾವ, ಇದನ್ನ ಯಾರಾದ್ರೂ ನೋಡಿದ್ರೆ?” ಅಂದೆ.

“ಯಾರು ನೋಡ್ತಾರೆ? ಊಟದ ಹೊತ್ತಲ್ಲಿ ಕಚೇರಿಯಲ್ಲಿ ಬರ್ಕೋತೀನಿ, ಚೀಲದಲ್ಲಿ ಇಟ್ಕೋತೀನಿ. ದಾಖಲೆ ಕಾಪಾಡೋದು ನನಗೆ ನೀನು ಹೇಳಿಕೊಡಬೇಡ.”

ಏಳನೆಯ ಕಂತು ಮುಗಿದ ವಾರ ಎರಡು ಅನಾಹುತ ಒಟ್ಟಿಗೆ ಆದವು. ಮೊದಲನೆಯದಕ್ಕೆ ನಾನೇ ಕಾರಣ. ಮೇಡಂ ಅವರ ಟಿವಿ ನನ್ನ ಅಂಗಡಿಗೆ ರಿಪೇರಿಗೆ ಬಂದಿತ್ತು. ಬಿಡಿಭಾಗ ಬಂದಿರಲಿಲ್ಲ. “ನಿಮ್ಮ ಭಾವಮೈದುನ ನನ್ನ ಟಿವಿ ಕೊಡಲಿಲ್ಲ. ಕೊನೇ ಕಂತು ನಿಮ್ಮ ಮನೇಲೇ ನೋಡ್ತೀನಿ,” ಎಂದು ಮೇಡಂ ಶುಕ್ರವಾರ ಭಾವನಿಗೆ ಹೇಳಿದರು. ಭಾವ ಬಂದು ನನ್ನ ಅಂಗಡಿಯ ಮುಂದೆ ನಿಂತು ನನ್ನನ್ನು ನೋಡಿದ ನೋಟಕ್ಕೆ ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ.

ಎರಡನೆಯದು ಶನಿವಾರ ಆಯಿತು. ಶನಿವಾರ ಮಧ್ಯಾಹ್ನ ದಾಖಲೆ ಕೋಣೆಯ ನಲವತ್ತು ರಿಜಿಸ್ಟರೂ ಮೇಡಂ ಮೇಜಿಗೆ ಹೋಗಬೇಕು. ಅವರು ಕಾಲು ಗಂಟೆಯಲ್ಲಿ ನಲವತ್ತಕ್ಕೂ ‘ಪರಿಶೀಲಿಸಿದೆ’ ಎಂದು ಸಹಿ ಹಾಕಿ ಮೊಹರು ಒತ್ತುತ್ತಾರೆ. ವಾಪಸು ಬಂದದ್ದನ್ನು ಎಣಿಸುವುದು ಹೆಡ್ ಕ್ಲರ್ಕ್. ಆ ದಿನ ಅವರು ಎಣಿಸಿದರೆ ನಲವತ್ತೊಂದು ಬಂತು. ಇನ್ನೊಮ್ಮೆ ಎಣಿಸಿದರು. ಚೀಟಿ ಓದಿದರು. ತೆರೆದರು.

‘ಹೆಡ್ ಕ್ಲರ್ಕ್: ಸತ್ತ ಅಣ್ಣನ ಮಗಳ ಪಾಲಿನ ಮನೆಗೆ ಬೀಗ ಹಾಕಿದ್ದಾರೆ. ಬೀಗದ ಕೈ ಅಂಗಿಯ ಒಳಜೇಬಿನಲ್ಲಿ. ಹೊರಗೆ ಧರ್ಮಾತ್ಮರಂತೆ ನಟನೆ. ಸದ್ಯದ ಸ್ಥಿತಿ: ಈ ಭಾನುವಾರ ತೀರ್ಮಾನ.’

ಪುಟದ ಕೆಳಗೆ ಮೇಡಂ ಸಹಿ, ಮೊಹರು.

ಇಲ್ಲಿ ನಿಮಗೊಂದು ಸಂಗತಿ ತಿಳಿದಿರಬೇಕು. ನಮಗ್ಯಾರಿಗೂ ಗೊತ್ತಿರಲಿಲ್ಲ, ಆದರೆ ಹೆಡ್ ಕ್ಲರ್ಕರು ನಿಜವಾಗಿಯೂ ತೀರಿಕೊಂಡ ಅಣ್ಣನ ಮಗಳಿಗೆ ಸೇರಬೇಕಾದ ಕೋಣೆಗೆ ಬೀಗ ಜಡಿದು, ಬೀಗದ ಕೈಯನ್ನು ಒಳಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ಧಾರಾವಾಹಿಯನ್ನು ಅವರು ನೋಡುತ್ತಿರಲಿಲ್ಲ. ಟಿವಿ ಕೆಲಸವಿಲ್ಲದವರಿಗೆ ಎನ್ನುತ್ತಿದ್ದರು. ಕೆಳಗಿನ ಸಾಲುಗಳನ್ನೂ ಓದಿದರು. ‘ಮೇಡಂ: ಬಂದಾಗಿನಿಂದ ಊರಿಗೆ ನೆಮ್ಮದಿಯಿಲ್ಲ. ಇಬ್ಬರು ಹಾಳಾದರು. ಮೂರನೆಯವರು ಹೆಡ್ ಕ್ಲರ್ಕ್ ಇರಬಹುದು.’ ಇದಕ್ಕೂ ಕೆಳಗೆ ಅದೇ ಸಹಿ. ಈ ದಾಖಲೆ ಕೋಣೆಯವನು ಮೇಡಂ ಮೇಲೆಯೇ ವರದಿ ಬರೆದು ಮೇಡಂ ಕೈಲೇ ಸಹಿ ಹಾಕಿಸಿಕೊಂಡಿದ್ದಾನೆಂದರೆ ಇವನ ಹಿಂದೆ ಎಷ್ಟು ದೊಡ್ಡವರಿರಬೇಕು? ಹನ್ನೊಂದು ವರ್ಷ ಮೂಲೆಯಲ್ಲಿ ಅಂಟು ಹಚ್ಚುತ್ತಾ ಕೂತದ್ದೇ ಇದಕ್ಕಾಗಿ ಎಂದು ಹೆಡ್ ಕ್ಲರ್ಕರಿಗೆ ಖಚಿತವಾಯಿತು. ರಿಜಿಸ್ಟರನ್ನು ತಮ್ಮ ಬಟ್ಟೆ ಚೀಲಕ್ಕೆ ಹಾಕಿಕೊಂಡು ಸಂಜೆ ನೇರ ಅಕ್ಕನ ಮನೆಗೆ ಬಂದರು.

ನಾನಲ್ಲೇ ಇದ್ದೆ, ಅಕ್ಕನ ಇಸ್ತ್ರಿ ಪೆಟ್ಟಿಗೆಯ ವೈರು ಬದಲಿಸುತ್ತಿದ್ದೆ. ಭಾವನನ್ನು ಯಾವಾಗಲೂ ಏಕವಚನದಲ್ಲಿ ಕರೆಯುತ್ತಿದ್ದ ಮನುಷ್ಯ ಚಪ್ಪಲಿ ಹೊರಗೆ ಬಿಟ್ಟು, ಕೈ ಕಟ್ಟಿ ನಿಂತರು.

“ನಾಳೆ ಏನಾಗುತ್ತೆ ಅಂತ ನಿಮಗೆ ಮೊದಲೇ ಗೊತ್ತಿರುತ್ತೆ ಅಲ್ವಾ?”

ಎರಡು ಸಲ ಓದಿದವರು ಎಂಬ ಕೀರ್ತಿ ಹಬ್ಬಿದ ಮೇಲೆ ಕಚೇರಿಯವರೆಲ್ಲ ಭಾವನನ್ನು ಇದೇ ಕೇಳುತ್ತಿದ್ದರು. ಭಾವ ಗತ್ತಿನಿಂದ ನಕ್ಕರು. “ಗೊತ್ತಿಲ್ಲದೆ ಏನು ಸಾರ್? ಆದ್ರೆ ಮೊದಲೇ ಹೇಳಿಬಿಟ್ರೆ ಸ್ವಾರಸ್ಯ ಇರಲ್ಲ.”

ಹೆಡ್ ಕ್ಲರ್ಕ್ ಗೋಡೆ ಹಿಡಿದುಕೊಂಡರು. “ಸ್ವಾರಸ್ಯನಾ... ಒಂದು ವೇಳೆ, ಆ ಬೀಗದ ಕೈನ ಹುಡುಗಿಗೆ ಕೊಟ್ಟುಬಿಟ್ರೆ?”

“ಕೊಟ್ಟುಬಿಟ್ರೆ ಕಥೆ ಅಲ್ಲಿಗೇ ಮುಗೀತಲ್ಲ ಸಾರ್. ಆದ್ರೆ ಅಂಥೋರು ಎಲ್ಲಿ ಕೊಡ್ತಾರೆ? ಪಿಸ್ತೂಲು ಬೇರೆ ತುಂಬಿಟ್ಟಿದೆ.”

“ಪಿಸ್ತೂಲಾ?”

“ನಾಳೆ ಒಂದು ಹೆಣ ಬೀಳೋದು ಖಂಡಿತ. ಯಾರದು ಅನ್ನೋದಷ್ಟೇ. ನೀವೂ ಬನ್ನಿ ಸಾರ್, ಐದೂವರೆಗೆ. ಮೇಡಂ ಇಲ್ಲಿಗೇ ಬರ್ತಿದ್ದಾರೆ. ಎಲ್ಲರೆದುರಿಗೇ ತೀರ್ಮಾನ ಆಗಿಹೋಗುತ್ತೆ.”

ಹೆಡ್ ಕ್ಲರ್ಕ್ ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತು ಹೋದರು. “ಪಾಪ, ಈಗೀಗ ಅವರಿಗೂ ಸಾಹಿತ್ಯದ ರುಚಿ ಹತ್ತಿದೆ,” ಎಂದು ಭಾವ ಸಂತೋಷಪಟ್ಟು, ನಾಳೆಯ ಸಾಲು ಗೆರೆ ಎಳೆದಿಡಲು ಚೀಲಕ್ಕೆ ಕೈಹಾಕಿದರು. ಕೈ ಒಳಗೇ ಉಳಿಯಿತು. ಚೀಲ ಮಗುಚಿದರು. ಊಟದ ಡಬ್ಬ, ಕನ್ನಡಕದ ಪೆಟ್ಟಿಗೆ, ದಾರದ ಉಂಡೆ ಬಿದ್ದವು. ರಿಜಿಸ್ಟರಿಲ್ಲ.

“ಮೇಜಿನ ಮೇಲೆ ನಲವತ್ತರ ಪಕ್ಕದಲ್ಲೇ ಇಟ್ಟಿದ್ದೆ,” ಅಂದರು. ಧ್ವನಿ ಬಹಳ ಸಣ್ಣಗಾಗಿತ್ತು. “ಎಲ್ಲಾನೂ ಒಟ್ಟಿಗೆ ಹೊತ್ಕೊಂಡು ಹೋದೆ ಅನ್ನಿಸುತ್ತೆ.”

ಅಕ್ಕ ಯಂತ್ರ ನಿಲ್ಲಿಸಿದಳು. “ಅಂದ್ರೆ ಮೇಡಂ ಹತ್ತಿರ ಇದೆ.” ಹೊಲಿಯುತ್ತಿದ್ದ ಬಟ್ಟೆ ಮಡಚಿಟ್ಟು, “ಹೊಳೆಯಾಚೆ ಚಳಿ ಜಾಸ್ತಿಯಂತೆ. ನಿಮ್ಮ ಎರಡು ಸ್ವೆಟರಿಗೂ ಗುಂಡಿ ಹಾಕ್ತೀನಿ,” ಎಂದು ಎದ್ದು ಒಳಗೆ ಹೋದಳು. ಅವಳು ಸಿಟ್ಟು ಮಾಡಿಕೊಂಡಿದ್ದರೆ ನಮಗೆಲ್ಲ ಸಮಾಧಾನವಾಗುತ್ತಿತ್ತು.

ಭಾನುವಾರ ಐದೂಕಾಲಿಗೇ ಮೇಡಂ ಬಂದರು. ಕೈಯಲ್ಲಿ ದೊಡ್ಡದೊಂದು ಚರ್ಮದ ಚೀಲ. ಭಾವನ ಕಣ್ಣು ಆ ಚೀಲದ ಮೇಲೆ ನೆಟ್ಟಿತು. ಮೇಡಂ ಕರವಸ್ತ್ರ ತೆಗೆಯಲು ಜಿಪ್ಪು ಎಳೆದರೆ ಭಾವ ಕುರ್ಚಿಯಿಂದ ಒಂದು ಗೇಣು ಏಳುತ್ತಿದ್ದರು. ಹೆಡ್ ಕ್ಲರ್ಕ್ ಬಟ್ಟೆ ಚೀಲ ಎದೆಗೆ ಅವಚಿಕೊಂಡು ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತರು. ಅವರ ಕಣ್ಣು ಭಾವನ ಕೈಗಳ ಮೇಲೆ. ಸ್ಟೇಷನ್ ಮಾಸ್ಟರ್ ಮಂಚದಲ್ಲಿ, ಅಕ್ಕ ಯಂತ್ರದ ಮುಂದೆ. ಚಹಾ ಕೊಟ್ಟರೆ ಹೆಡ್ ಕ್ಲರ್ಕ್ ಮೂಸಿ ನೋಡಿ ಕೆಳಗಿಟ್ಟರು.

ಕಂತು ಶುರುವಾಯಿತು. ಬೋಳುತಲೆಯ ಜನರಲ್ಲು ಮೇಜಿನ ಮೇಲೆ ಪಿಸ್ತೂಲಿಟ್ಟುಕೊಂಡು ಕೂತಿದ್ದಾನೆ. ಅನಾಥ ಹುಡುಗಿ ಬಾಗಿಲು ಬಡಿಯುತ್ತಿದ್ದಾಳೆ. ಹೆಡ್ ಕ್ಲರ್ಕ್ ತೆರೆಯನ್ನೂ ಭಾವನನ್ನೂ ಸರದಿಯಲ್ಲಿ ನೋಡುತ್ತಾ ಬೆವರು ಒರೆಸಿಕೊಂಡರು. ಜನರಲ್ಲು ಒಳಜೇಬಿನಿಂದ ಬೀಗದ ಕೈ ತೆಗೆದು ದೀಪದ ಹತ್ತಿರ ಹಿಡಿದಾಗ ಅವರ ಬಾಯಿಂದ ಎಂಥದೋ ಸದ್ದು ಬಂತು.

ಅಷ್ಟರಲ್ಲಿ ಮೇಡಂ ಭಾವನ ಕಡೆ ತಿರುಗಿದರು. “ಕೊನೇ ಮಾತು ಓದುವಾಗ ಕಣ್ಣಲ್ಲಿ ನೀರು ಬಂತು ಅಂದಿದ್ರಲ್ಲ. ಅದು ಈಗ ಬರುತ್ತೆ. ಅವನು ಹೇಳೋಕೆ ಮುಂಚೆ ನೀವು ಹೇಳಿ, ಕೇಳೋಣ.”

ಭಾವ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಅಕ್ಕನ ಕೈಯಲ್ಲಿದ್ದ ಸ್ವೆಟರು ನನಗೆ ಕಂಡಿತು, ಅರ್ಧ ಗುಂಡಿ ಹಾಕಿದ್ದು. ನಾನು ಮೆಲ್ಲಗೆ ಎದ್ದು ಪಡಸಾಲೆಗೆ ಹೋಗಿ ಫ್ಯೂಸ್ ಕಿತ್ತೆ.

“ಹೋಯ್ತಾ?” ಅಂದರು ಸ್ಟೇಷನ್ ಮಾಸ್ಟರ್. “ಈ ಕರೆಂಟಿನವರ ಮನೆ ಹಾಳಾಗ.”

ಭಾವನನ್ನು ಬದುಕಿಸಿದೆ ಎಂದುಕೊಂಡು ನಿಂತಿದ್ದೆ. ಒಳಗಿನಿಂದ ಮೇಡಂ ಧ್ವನಿ ಕೇಳಿತು. “ಪರವಾಗಿಲ್ಲ. ಇನ್ನು ಹತ್ತು ನಿಮಿಷದ್ದು ಅಷ್ಟೇ. ಎರಡು ಸಲ ಓದಿದವರು ಇಲ್ಲೇ ಇದ್ದಾರಲ್ಲ. ಮುಂದಿನದನ್ನ ಅವರೇ ಹೇಳ್ತಾರೆ.”

ಫ್ಯೂಸ್ ನನ್ನ ಕೈಯಲ್ಲೇ ಉಳಿಯಿತು. ಹಾಕಿದರೆ ಸಿಕ್ಕಿಬೀಳುತ್ತೇನೆ, ಹಾಕದಿದ್ದರೆ ಭಾವ ಸಿಕ್ಕಿಬೀಳುತ್ತಾರೆ. ಕಿಟಕಿಯಿಂದ ಸಂಜೆಯ ಬೆಳಕು ನೇರ ಅವರ ಮುಖದ ಮೇಲೆ ಬಿದ್ದಿತ್ತು.

“ಅದು... ಜನರಲ್ಲು ಪಿಸ್ತೂಲು ಕೆಳಗಿಡ್ತಾನೆ ಮೇಡಂ,” ಎಂದರು ಭಾವ.

“ಯಾಕೆ?”

“ಯಾಕಂದ್ರೆ ಅದಕ್ಕೆ ಅನುಮತಿ ಇಲ್ಲ. ಆಮೇಲೆ ಬಾಗಿಲು ತೆಗೀತಾನೆ. ಬೀಗದ ಕೈ ಹುಡುಗಿಗೆ ಕೊಡ್ತಾನೆ. ತಪ್ಪಾಯ್ತಮ್ಮ ಅಂತಾನೆ. ಆಮೇಲೆ ಕೂತ್ಕೊಂಡು ಅರ್ಜಿ ಬರೀತಾನೆ. ನನ್ನನ್ನ ದೂರದ ಊರಿಗೆ ಹಾಕಿ ಅಂತ.”

“ತಾನಾಗೇ?”

“ತಾನಾಗೇ ಮೇಡಂ. ಯಾಕಂದ್ರೆ ಅಲ್ಲಿಗೆ ಇನ್ನೊಬ್ಬ ಹೋಗಬೇಕಾಗಿರುತ್ತೆ. ಸಣ್ಣ ಮನುಷ್ಯ. ಅವನಿಗೆ ಹೆಂಡತಿ ಒಬ್ಬಳೇ ಇರೋದು. ಅವಳು ಹೊಲಿಗೆ...” ಭಾವ ಅಕ್ಕನ ಕಡೆ ನೋಡಿದರು. “ಅವಳಿಲ್ಲದೆ ಅವನು ಬದುಕಲ್ಲ ಮೇಡಂ. ಅದು ಜನರಲ್‌ಗೆ ಗೊತ್ತಾಗುತ್ತೆ. ಅಷ್ಟೇ ಕಥೆ.”

ಆ ಪುಸ್ತಕದಲ್ಲಿ ಅಂಥ ಸಾಲು ಇಲ್ಲದಿರಬಹುದು. ಆದರೆ ಕೇಳಿ ನನ್ನ ಕಣ್ಣಲ್ಲಂತೂ ನೀರು ಬಂತು.

“ಸಾಕು,” ಎಂದು ಹೆಡ್ ಕ್ಲರ್ಕ್ ಎದ್ದು ನಿಂತರು. “ಇನ್ನು ಹೇಳಬೇಡಿ. ಅರ್ಥ ಆಯ್ತು.” ಒಳಜೇಬಿಗೆ ಕೈಹಾಕಿ ಒಂದು ಬೀಗದ ಕೈ ತೆಗೆದರು. “ಇವತ್ತೇ ಅಣ್ಣನ ಮಗಳ ಕೈಗೆ ಕೊಡ್ತೀನಿ. ಹೊಳೆಯಾಚೆಗೂ ನಾನೇ ಹೋಗ್ತೀನಿ ಮೇಡಂ, ಊರು ಬಿಡೋದೇ ವಾಸಿ ಅಂತ ರಾತ್ರಿನೇ ಅರ್ಜಿ ಬರ್ಕೊಂಡು ಬಂದಿದ್ದೀನಿ. ಪಿಸ್ತೂಲು ಗಿಸ್ತೂಲು ಏನೂ ಬೇಡ.” ಚೀಲದಿಂದ ರಿಜಿಸ್ಟರು ತೆಗೆದು ಅರ್ಜಿಯ ಜೊತೆ ಮೇಡಂ ತೊಡೆಯ ಮೇಲಿಟ್ಟರು.

ಭಾವ ಕಣ್ಣು ಮುಚ್ಚಿಕೊಂಡರು.

ಮೇಡಂ ಕಿಟಕಿಯ ಬೆಳಕಿಗೆ ಹಿಡಿದು ಓದತೊಡಗಿದರು. ಒಂದು ಪುಟ ಆಯಿತು, ಎರಡು ಆಯಿತು. “ಸ್ಟೇಷನ್ ಮಾಸ್ಟರ್,” ಎಂದು ಜೋರಾಗಿ ಓದಿದರು, “ಕೆಮ್ಮುತ್ತಾರೆ, ಸಾಯುವುದಿಲ್ಲ. ಮೂರು ವಾರದಿಂದ ಕಾಯುತ್ತಿದ್ದೇವೆ.”

ಮಂಚದ ಮೇಲೆ ಕೆಮ್ಮು ಥಟ್ಟನೆ ನಿಂತಿತು.

ಮುಂದಿನ ಸಾಲನ್ನು ಮೇಡಂ ಜೋರಾಗಿ ಓದಲಿಲ್ಲ. ಮುಖ ಕೆಂಪಾಯಿತು. ಅದರ ಕೆಳಗಿನ ಸಹಿ ನೋಡಿದರು, ಮೊಹರಿನ ಮೇಲೆ ಬೆರಳಾಡಿಸಿದರು. ಆಗ ಮುಖದ ಕೆಂಪು ಇನ್ನೊಂದು ಬಗೆಯದಾಯಿತು.

“ಏನಿದು?”

ಭಾವ ಎಲ್ಲ ಒಪ್ಪಿಕೊಂಡರು. ಪುಸ್ತಕ ಭಾರಕ್ಕೆ ಇಟ್ಟದ್ದು, ನಾಲ್ಕನೆಯ ಪುಟದ ನಿದ್ದೆ, ಮೂರು ಮೂರು ಹೆಸರು, ಒಂದನ್ನೂ ಬಿಡಲಿಲ್ಲ. “ಮುಖ ಮಾತ್ರ ಹೋಲುತ್ತೆ ಮೇಡಂ, ಗುಣ ಅಲ್ಲ,” ಎಂದು ಕೊನೆಗೆ ಸೇರಿಸಿದರು. ಹೆಡ್ ಕ್ಲರ್ಕ್ ಬೀಗದ ಕೈಯನ್ನು ವಾಪಸು ಜೇಬಿಗಿಡಲು ನೋಡಿದರು. ಸ್ಟೇಷನ್ ಮಾಸ್ಟರ್ ಅವರ ಕೈಯನ್ನೇ ನೋಡುತ್ತಿದ್ದುದರಿಂದ ಆಗಲಿಲ್ಲ.

“ಓದದೆ ಓದಿದೆ ಅಂದಿದ್ದು ನೀವು,” ಎಂದರು ಮೇಡಂ ನಿಧಾನವಾಗಿ. “ಓದದೆ ಸಹಿ ಹಾಕಿದ್ದು ನಾನು. ಇಬ್ಬರದೂ ಹೊರಗೆ ಹೋಗೋ ಮಾತಲ್ಲ.”

“ಅದರಲ್ಲಿ ಇವರು ಯಾರು, ನಾನು ಯಾರು?” ಅಕ್ಕ ಕೇಳಿದಳು. ಅಷ್ಟು ಹೊತ್ತಿನಲ್ಲಿ ಅವಳಾಡಿದ ಮೊದಲ ಮಾತು.

ಮೇಡಂ ಕೊನೆಯ ಪುಟ ತಿರುಗಿಸಿ ಓದಿದರು. “ನಾನು: ಕುದುರೆ ಗಾಡಿಯವನು. ಪ್ರತಿ ವಾರ ಬರುತ್ತಾನೆ. ಯಾರೂ ಹೆಸರು ಕೇಳಿಲ್ಲ.” ಬೆರಳನ್ನು ಕೆಳಗಿನ ಸಾಲಿಗೆ ಇಳಿಸಿ, “ಮನೆಯವಳು: ಇಲ್ಲ. ಇಷ್ಟು ಒಳ್ಳೆಯವರು ಈ ಕಥೆಯಲ್ಲಿ ಯಾರೂ ಇಲ್ಲ.”

ಅಕ್ಕ ಬಗ್ಗಿ ಯಂತ್ರದಲ್ಲಿ ದಾರ ಪೋಣಿಸತೊಡಗಿದಳು. ಬಹಳ ಹೊತ್ತು ಪೋಣಿಸಿದಳು.

ಮೇಡಂ ಹೆಡ್ ಕ್ಲರ್ಕರ ಅರ್ಜಿಯನ್ನು ಮಡಚಿ ಚರ್ಮದ ಚೀಲಕ್ಕೆ ಹಾಕಿ ಎದ್ದರು. “ಈ ವರ್ಷ ಇವರು ಹೋಗಲಿ, ಇದನ್ನ ನಾನು ಓದಿಯೇ ತಗೊಂಡಿದ್ದೀನಿ. ಮುಂದಿನ ವರ್ಷ ನಿಮ್ಮ ಸರದಿ. ಆದ್ರೆ ಆ ಪುಸ್ತಕ ಪೂರ್ತಿ ಓದದೆ ನಿಮ್ಮನ್ನ ಎಲ್ಲಿಗೂ ಬಿಡಲ್ಲ. ಸೋಮವಾರ ಸೋಮವಾರ ಬಂದು ಓದಿದ್ದು ಹೇಳಬೇಕು. ಕೊನೇ ಪುಟ ಮುಗಿದ ದಿನ ಹೊಳೆಯಾಚೆಗೆ ಆದೇಶ.” ಬಾಗಿಲಲ್ಲಿ ನಿಂತು, “ಗಾಡಿಯವನಿಗೆ ಪುಸ್ತಕದಲ್ಲಿ ಹೆಸರಿದೆ. ಒಂದಲ್ಲ, ಮೂರಿದೆ,” ಎಂದು ಹೇಳಿ ಹೋದರು.

ಇದಾಗಿ ನಾಲ್ಕು ವರ್ಷ. ಭಾವ ಮೋಸ ಮಾಡುವವರಲ್ಲ. ಒಮ್ಮೆ ಮಾಡಿದ್ದಕ್ಕೇ ಸಾಕಾಗಿದೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಕೂತು ಎಂಟು ಪುಟ ಓದಿ, ಕಡತಕ್ಕೆ ಕಟ್ಟುವ ಕೆಂಪು ದಾರವನ್ನು ಗುರುತಿಗಿಟ್ಟು ಕಚೇರಿಗೆ ಹೊರಡುತ್ತಾರೆ. ಅವರು ಬೀದಿಯ ತಿರುವು ದಾಟಿದ ಮೇಲೆ ಅಕ್ಕ ಯಂತ್ರದಿಂದ ಏಳುತ್ತಾಳೆ. ಕೈ ಒರೆಸಿಕೊಂಡು ಪುಸ್ತಕ ತೆಗೆದು, ಕೆಂಪು ದಾರವನ್ನು ಎಂಟು ಪುಟ ಹಿಂದಕ್ಕೆ ಹಾಕಿ ಮತ್ತೆ ಹೊಲಿಯಲು ಕೂರುತ್ತಾಳೆ. ಒಂದು ದಿನ ನನ್ನ ಕಣ್ಣಿಗೆ ಬಿತ್ತು.

“ಭಾವನಿಗೆ ಗೊತ್ತಾಗಲ್ವೇನೇ?”

“ಗೊತ್ತಾಗಲ್ಲ. ಎಲ್ಲರಿಗೂ ಮೂರು ಮೂರು ಹೆಸರು,” ಅಂದಳು. “ನೀನು ದಾರದ ವಿಷಯ ಬಾಯಿ ಬಿಡಬೇಡ, ನಾನು ಫ್ಯೂಸ್ ವಿಷಯ ಬಿಡಲ್ಲ.”

ಮೇಡಂಗೆ ಗೊತ್ತಾಗಿರಲೇಬೇಕು. ಸೋಮವಾರ ಸೋಮವಾರ ಅದೇ ಎಂಟು ಪುಟದ ಕಥೆ ಕೇಳುತ್ತಾ ಕಣ್ಣು ಮುಚ್ಚಿ ತಲೆದೂಗುತ್ತಾರಂತೆ. ಮೊನ್ನೆ ನನ್ನ ಅಂಗಡಿಗೆ ಬಂದ ಭಾವ ಸ್ಟೂಲಿನ ಮೇಲೆ ಕೂತು ನಿಟ್ಟುಸಿರುಬಿಟ್ಟರು.

“ಈ ರಷ್ಯಾದವರು ದೊಡ್ಡ ಬರಹಗಾರರು ಅನ್ನೋದು ಸುಳ್ಳಲ್ಲ ಕಣಯ್ಯ. ಎಷ್ಟು ಮುಂದೆ ಹೋದ್ರೂ, ಇದೆಲ್ಲ ನನ್ನ ಮನೇಲೇ ನಡೆದಿತ್ತೇನೋ, ಹಿಂದೆ ಯಾವಾಗಲೋ ನೋಡಿದ್ದೆನೇನೋ ಅನ್ನಿಸೋ ಹಾಗೆ ಬರೆದಿದ್ದಾರೆ.”